ಟೇಪಿನ ಹಿಂದಿನ ತುದಿ ಹಿಡಿದವರು

ಭೂಮಾಪನದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಹಾಸನದ ನಮ್ಮ ಮನೆಗೆ ಬರುತ್ತಾರೆ. ಬಂದವರು ಮೊದಲು ಕೇಳುವುದು ಯಂತ್ರದ ವಿಚಾರ. ಉಪಗ್ರಹ ನೋಡಿ ಸ್ಥಾನ ಹೇಳುವ ರೋವರ್ ಬಳಸಿದ್ದೀರಾ, ಡ್ರೋನ್ ಹಾರಿಸಿದ್ದೀರಾ ಎನ್ನುತ್ತಾರೆ. ಡ್ರೋನನ್ನು ನಿವೃತ್ತಿಯ ಹತ್ತಿರ ಕತ್ತೆತ್ತಿ ನೋಡಿದೆ, ರೋವರನ್ನು ಕೈಯಲ್ಲೂ ಹಿಡಿದೆ. ಆದರೆ ಯಂತ್ರದ ವಿಚಾರ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳಬಲ್ಲದ್ದು ಬೇರೆ. ಅಳತೆಗೆ ಹೋದ ಗುಂಪಿನಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ, ಯಾರು ಏನನ್ನು ಕೂಗುತ್ತಾರೆ, ಬರೆಯುವವನು ಏನೇನು ಬರೆಯಬೇಕು, ಇಷ್ಟು. ಇದನ್ನು ಬಾಯಲ್ಲಿ ಹೇಳಲು ಹೊರಟರೆ ಅವರಿಗೆ ಆಕಳಿಕೆ ಬರುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಓದುವಾಗ ಆಕಳಿಸಿದರೆ ನನಗೆ ಕಾಣುವುದಿಲ್ಲ.

ನಾನು ಕೆಲಸ ಕಲಿತದ್ದು ಹೊಳೆನರಸೀಪುರದ ಸುತ್ತಿನ ಗದ್ದೆ ಬಯಲಿನಲ್ಲಿ, ಸರಪಳಿ ಹಿಡಿದು. ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿ. ಅದನ್ನು ಹದಿನಾರು ಆಣೆ ಎಂದು ಭಾಗ ಮಾಡಿರುತ್ತಿದ್ದರು. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇದ್ದರೆ ಒಂದು ಗುಂಟೆ. ಗುಂಪಿನಲ್ಲಿ ನಾಲ್ಕು ಜನ. ಮುಂದಿನವನು ಸರಪಳಿ ಎಳೆದುಕೊಂಡು ಹೋಗಿ ತುದಿಯ ಅಳತೆ ಓದುತ್ತಾನೆ. ಹಿಂದಿನವನು ಅದರ ಬುಡ ಹಿಡಿದು ಕೂರುತ್ತಾನೆ. ಮುಂದಿನವನು ಸೊಟ್ಟ ಹೋಗದಂತೆ ಎಡಕ್ಕೆ, ಬಲಕ್ಕೆ ಎಂದು ಕೈ ತೋರಿಸುವುದೂ ಅವನ ಕೆಲಸ. ಬಾವುಟದವನು ದೂರದ ಗಡಿಕಲ್ಲಿನ ಬಳಿ ನಿಂತಿರುತ್ತಾನೆ. ನಾಲ್ಕನೆಯವನು ಬರೆಯುವವನು.

ನಮ್ಮ ಮೊದಲ ಮೇಲಧಿಕಾರಿ, ನಾನು ಕೆಲಸಕ್ಕೆ ಬಂದ ಕೂಡಲೇ ನನ್ನನ್ನು ಬರೆಯಲು ಬಿಡಲಿಲ್ಲ. "ಓದ್ಕೊಂಡು ಬಂದಿದೀಯ, ಬರೆಯೋಕೆ ಬತ್ತದೆ ಅನ್ನೋದು ನಂಗೊತ್ತು ಕಣಯ್ಯ. ಮೊದ್ಲು ಬುಡ ಇಡ್ಕಳೋದು ಕಲಿ" ಎಂದರು. ಹಿಂದಿನವನ ಕೆಲಸ ನೋಡುವವರಿಗೆ ಕೆಲಸವೇ ಅಲ್ಲ. ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು ಸರಪಳಿಯ ಹಿಡಿಯನ್ನು ಗೂಟಕ್ಕೆ ಒತ್ತಿ ಹಿಡಿಯಬೇಕು. ಆದರೆ ಆ ಕೈ ನಾಲ್ಕು ಬೆರಳು ಸರಿದರೆ ಮುಂದಿನ ಎಲ್ಲ ಅಳತೆಯೂ ನಾಲ್ಕು ಬೆರಳು ಸರಿಯುತ್ತದೆ. ಅದು ಯಾರಿಗೂ ಕಾಣುವುದಿಲ್ಲ.

ಆ ಅಧಿಕಾರಿಯದು ಒಂದು ಕಟ್ಟುನಿಟ್ಟಿನ ಪದ್ಧತಿ. ಹಿಂದಿನವನು ತಾನು ಎಲ್ಲಿ ಹಿಡಿದಿದ್ದೇನೆ ಎಂದು ಕೂಗಬೇಕು. ಆಮೇಲೆ ಮುಂದಿನವನು ಅಳತೆ ಕೂಗಬೇಕು. ಬರೆಯುವವನು ಅದನ್ನು ತಿರುಗಿ ಕೂಗಿ, ಮುಂದಿನವನು ಹೂಂ ಎಂದ ಮೇಲೆ ಬರೆಯಬೇಕು. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರಿಗೆ ನಾವು ದಿನವಿಡೀ ತಮಾಷೆ. "ಏನ್ ಸಾ, ಒಬ್ರಾದ್ಮೇಲೆ ಒಬ್ರು ಕೂಗ್ತಾವ್ರಲ್ಲ, ಗದ್ದೆ ಹರಾಜಾ?" ಎಂದು ಒಬ್ಬಾಕೆ ಕೇಳಿದರೆ, ಇನ್ನೊಬ್ಬಾಕೆ ಸೊಂಟ ನೆಟ್ಟಗೆ ಮಾಡಿಕೊಂಡು, "ಸುಮ್ಕಿರವ್ವ, ಜಾಸ್ತಿ ಕೂಗಿದೋನ್ಗೆ ಕೊಟ್ಟುಬುಟ್ಟಾರು" ಎನ್ನುತ್ತಿದ್ದಳು.

ಅರಕಲಗೂಡಿನ ಕಡೆ ಕೆಲಸವಿದ್ದಾಗ ನನಗೆ ಬರೆಯುವ ಪಾಳಿ ಬಂತು. ಹೊಸ ಮಸಿ ಪೆನ್ನು ಕೊಂಡಿದ್ದೆ. ಅಂದ ಕಾಣಲಿ ಎಂದು ಅದರಲ್ಲೇ ಬರೆದೆ. ಮಧ್ಯಾಹ್ನ ಜಿನುಗು ಮಳೆ ಹಿಡಿದು ಹಾಳೆಯೆಲ್ಲ ನೀಲಿಯಾಯಿತು. ಅಧಿಕಾರಿ ಪುಸ್ತಕ ಬಿಡಿಸಿ ನೋಡಿ, "ಇದೇನಯ್ಯ, ಜಮೀನು ಅಳಿ ಅಂದ್ರೆ ಹೇಮಾವತಿ ಹೊಳೆ ಬರ್ದಿದೀಯ" ಎಂದರು. ಮಾರನೆಯ ದಿನ ಮತ್ತೆ ಮೊದಲಿಂದ ಅಳೆದೆವು. ಅಂದಿನಿಂದ ಪೆನ್ಸಿಲು. ಅಂಗಡಿಯಿಂದ ತಂದ ಪೆನ್ಸಿಲಿನ ಹಿಂದೆ ಚಿಕ್ಕ ರಬ್ಬರು ಇತ್ತು. ಅದನ್ನು ಅವರು ಹಲ್ಲಿನಿಂದ ಕಿತ್ತು ಪಕ್ಕಕ್ಕೆ ಉಗಿದು ಪೆನ್ಸಿಲು ವಾಪಸು ಕೊಟ್ಟರು. "ತಪ್ಪಾದ್ರೆ ಅದರ ಮೇಲೆ ಒಂದು ಗೆರೆ ಎಳಿ. ಕೆಳಗಿರೋ ತಪ್ಪು ಕಾಣ್ತಿರ್ಬೇಕು. ಪಕ್ಕದಾಗೆ ಸರೀದು ಬರ್ದು ಸಹಿ ಹಾಕು."

ಇವೆಲ್ಲ ಚಿಕ್ಕ ಪಾಠಗಳು. ಅವು ಎಷ್ಟು ದೊಡ್ಡವು ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಒಂದು ಹಿಟ್ಟಿನ ಗಿರಣಿಯ ಮುಂದೆ. ಆ ಪ್ರಸಂಗವನ್ನು ನಿಧಾನವಾಗಿ, ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಆಗ ಸರಪಳಿ ಹೋಗಿ ಸ್ಟೀಲ್ ಟೇಪು ಬಂದಿತ್ತು. ರೋವರ್ ಇನ್ನೂ ಬಂದಿರಲಿಲ್ಲ. ಚನ್ನರಾಯಪಟ್ಟಣದಿಂದ ನುಗ್ಗೇಹಳ್ಳಿ ಕಡೆಗೆ ಹೋಗುವಾಗ ಸಿಗುವ ಒಂದು ಊರು, ಹೆಸರು ಬೇಡ. ಊರ ಮುಂದಿನ ರಸ್ತೆಯನ್ನು ಅಗಲ ಮಾಡುತ್ತಿದ್ದರು. ಹೊಸ ರಸ್ತೆಯ ನಡುಗೆರೆ ಹಳೆಯ ಡಾಂಬರಿನ ಮೇಲೆ ಬರದೆ, ಪಕ್ಕದ ಮಣ್ಣಿನಲ್ಲಿ ಹಾದುಹೋಗುತ್ತಿತ್ತು. ಅದಕ್ಕೆ ಅಲ್ಲಲ್ಲಿ ಮರದ ಗೂಟ ಹೊಡೆದು, ಗೂಟದಿಂದ ಎರಡೂ ಕಡೆ ಹತ್ತು ಹತ್ತು ಮೀಟರು ರಸ್ತೆಗೆ ಎಂದು ಗೊತ್ತು ಮಾಡಿದ್ದರು. ಹತ್ತು ಮೀಟರಿನ ಒಳಗೆ ಬಂದ ಕಟ್ಟಡ ಒಡೆಯಬೇಕು, ಹೊರಗಿದ್ದದ್ದು ಉಳಿಯಬೇಕು. ಆ ಅಳತೆ ಮಾಡಿದವನು ನನಗಿಂತ ಕಿರಿಯ ಸರ್ವೆಯರ್ ರುದ್ರೇಶ. ಮುತ್ತು ಪೋಣಿಸಿದಂಥ ಅಕ್ಷರ, ಅಚ್ಚುಕಟ್ಟು ಕೆಲಸ. ಅವನ ನಕ್ಷೆಯ ಪ್ರಕಾರ ಊರಿನ ಹಿಟ್ಟಿನ ಗಿರಣಿಯ ಮುಂಗೋಡೆ ನಡುಗೆರೆಯಿಂದ ಒಂಬತ್ತು ಮೀಟರು ಮೂವತ್ತೈದು ಸೆಂಟಿಮೀಟರಿಗೆ ಬಿದ್ದಿತ್ತು. ಎಂದರೆ ಒಳಗೆ. ಗೋಡೆಯ ಮೇಲೆ ಕೆಂಪು ಬಣ್ಣದ ಗುರುತು ಹಾಕಿ ಆಗಿತ್ತು. ಸೋಮವಾರ ಜೆಸಿಬಿ ಬರುವುದಿತ್ತು.

ಶುಕ್ರವಾರ ಬೆಳಿಗ್ಗೆ ಗಿರಣಿಯ ಒಡತಿ ಪಾರ್ವತಮ್ಮ ನಮ್ಮ ಕಚೇರಿಗೆ ಬಂದರು. ಐವತ್ತರ ಹತ್ತಿರದ ಹೆಂಗಸು. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ಒಬ್ಬರೇ ನಡೆಸುತ್ತಿದ್ದರು. ಹುಬ್ಬಿನ ಮೇಲೂ ಕಿವಿಯ ಓಲೆಯ ಮೇಲೂ ರಾಗಿ ಹಿಟ್ಟು ಕೂತಿತ್ತು. ಮಿಷನ್ನು ನಿಲ್ಲಿಸಿ ಹಾಗೇ ಬಸ್ಸು ಹತ್ತಿದ್ದರು.

ನಮ್ಮ ಸೂಪರ್‌ವೈಸರ್ ನಾಗರಾಜಯ್ಯನವರು ಅರ್ಜಿ ನೋಡಿ, ಕಡತವನ್ನು ನನ್ನ ಮುಂದಕ್ಕೆ ತಳ್ಳಿದರು. "ರುದ್ರೇಶ ಅಳೆದಿರೋದ್ರಲ್ಲಿ ತಪ್ಪಿರಲ್ಲ ರೀ. ಆದ್ರೂ ಬೇರೆಯವರು ಪರಿಶೀಲಿಸಿದಾರೆ ಅಂತ ಒಂದು ಸಹಿ ಬೇಕು. ನೋಡಿ ಹಾಕಿಕೊಡಿ" ಎಂದರು.

ನಕ್ಷೆ ನೋಡಿದೆ. ಅನುಮಾನ ಪಡಲು ಒಂದು ಚುಕ್ಕೆಯೂ ಇರಲಿಲ್ಲ. ಪೆನ್ನಿನ ಮುಚ್ಚಳ ತೆಗೆದೆ. ಆಗ ಪಾರ್ವತಮ್ಮ ಬಾಗಿಲ ಬಳಿಯಿಂದಲೇ, "ಸಾ, ಬಂದು ನೋಡಿ ಬರೀರಿ. ಇಲ್ಲೇ ಕೂತ್ಕಂಡು ಬರ್ದುಬುಟ್ರೆ ಗೋಡೆ ನಿಮ್ಗೇನು ಮಾತಾಡ್ತದಾ?" ಎಂದರು.

ನಾಗರಾಜಯ್ಯನವರಿಗೆ ರೇಗಿತು. "ನಿಂಗೆ ಗೋಡೆ ದುಡ್ಡು ಬರ್ತದೆ ಕಣಮ್ಮ" ಎಂದರು.

"ಗೋಡೆಗೆ ಬತ್ತದೆ. ಗಿರ್ಣಿಗೆ ಎಲ್ಬತ್ತದೆ? ಮುಂದ್ಗಡೆ ಒಡುದ್ರೆ ಮಿಷನ್ನು ಕೂರ್ಸಾಕೆ ಜಾಗ್ವೇ ಇಲ್ಲ. ಹಿಂದ್ಗಡೆ ನಂದಲ್ಲ, ಬೇರೇರ ತ್ವಾಟ. ಅದ್ ಓದ್ರೆ ನಾನು ಏನ್ ಬೀಸ್ಲಿ, ಗಾಳೀನಾ?"

ಪೆನ್ನಿನ ಮುಚ್ಚಳ ಹಾಕಿದೆ. ಹೋಗದೆ ಸಹಿ ಹಾಕಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಆಗಲೂ ಇಲ್ಲ, ಆಮೇಲೂ ಇಲ್ಲ. ಇಂದಿಗೂ ನನ್ನನ್ನು ನಡುಗಿಸುವುದು ಅದು.

ಅದೇ ದಿನ ಮಧ್ಯಾಹ್ನ ರುದ್ರೇಶನ ಅಳತೆ ಪುಸ್ತಕ ಮತ್ತು ಒಂದು ಟೇಪು ತೆಗೆದುಕೊಂಡು ಗಿರಣಿಗೆ ಹೋದೆ. ಹೋಗಿ ನೋಡಿದರೆ ಗೂಟಗಳೇ ಇಲ್ಲ. ಗುತ್ತಿಗೆದಾರನ ಜನ ಆಗಲೇ ಯಂತ್ರ ಬಿಟ್ಟು ನೆಲ ಕೆರೆಸಿದ್ದರು. ನಡುಗೆರೆ ಎಲ್ಲಿತ್ತು ಎಂದು ತೋರಿಸಲು ಒಂದು ಕಡ್ಡಿಯೂ ಉಳಿದಿರಲಿಲ್ಲ. ಕಳೆದ ಗೂಟದ ಜಾಗ ಹುಡುಕಲು ಒಂದು ಗುಂಪೇ ಬೇಕು; ಅಂದಿನ ಮಟ್ಟಿಗೆ ಗೋಡೆಯ ದೂರವನ್ನು ಮತ್ತೆ ಅಳೆಯುವ ಮಾತು ಮುಗಿದಂತಾಯಿತು.

ಒಬ್ಬನೇ ಇದ್ದಾಗ ಮಾಡಬಹುದಾದದ್ದು ಒಂದೇ: ಜಾಗ ಬಿಟ್ಟು ಕದಲದಿರುವ ಏನಾದರೂ ಪುಸ್ತಕದಲ್ಲಿ ಅಳೆದು ಬರೆದಿದ್ದರೆ, ಅದನ್ನು ಮತ್ತೆ ಅಳೆದು ನೋಡುವುದು. ರುದ್ರೇಶ ಪ್ರತಿ ಕಟ್ಟಡದ ಮುಂಭಾಗದ ಉದ್ದವನ್ನೂ ಬರೆದಿದ್ದ. ಗಿರಣಿಯ ಮುಂಗೋಡೆ ಐದು ಮೀಟರು ಇಪ್ಪತ್ತು ಎಂದಿತ್ತು. ನನ್ನ ಜೊತೆ ಆಳು ಇರಲಿಲ್ಲ. ಟೇಪಿನ ತುದಿಯ ಉಂಗುರವನ್ನು ಪಾರ್ವತಮ್ಮನ ಕೈಗೇ ಕೊಟ್ಟು, "ಗೋಡೆಯ ಆ ಮೂಲೆಗೆ ಒತ್ತಿ ಹಿಡೀರಮ್ಮ" ಎಂದೆ.

ಆರು ಇಪ್ಪತ್ತು ಬಂತು. ಮತ್ತೆ ಹಿಡಿಸಿದೆ. ಆರು ಇಪ್ಪತ್ತೇ.

ನನ್ನ ಮುಖ ನೋಡಿ ಅವರು, "ಏನಾಯ್ತು ಸಾ?" ಎಂದರು. ಹೇಳಿದೆ.

"ಅಂದ್ರೆ ನಿಮ್ ಪುಸ್ತಕದಾಗೆ ನಮ್ ಗೋಡೆ ಒಂದ್ ಮೀಟ್ರು ಸವೆದೈತಾ? ನಾನು ರಾಗಿ ಬೀಸಿ ಒಂದ್ ಸೇರು ಕಮ್ಮಿ ಕೊಟ್ರೆ ಊರೋರು ಗಿರ್ಣಿ ಮುಂದೆ ನಿಲ್ಸಿ ಉಗೀತಾರೆ ಸಾ. ನಿಮ್ಗೆ ಯಾರೂ ಉಗಿಯಲ್ವಾ?"

ಟೇಪು ಸುತ್ತಿಕೊಂಡು ಪಕ್ಕದ ಮನೆಗೆ ಹೋದೆ. ಅದರ ಮುಂಭಾಗವೂ ಪುಸ್ತಕಕ್ಕಿಂತ ಒಂದು ಮೀಟರು ಉದ್ದ. ಅದರಾಚೆಯ ಅಂಗಡಿಯ ಜಗಲಿಯೂ ಹಾಗೇ. ಆದರೆ ಗಿರಣಿಗೆ ಮೊದಲು ಅಳೆದ ಮನೆಗಳಲ್ಲಿ ಪುಸ್ತಕಕ್ಕೂ ನನ್ನ ಟೇಪಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಪುಸ್ತಕ ಬಿಡಿಸಿ ನೋಡಿದೆ. ತಪ್ಪಾದವೆಲ್ಲ ಊಟದ ನಂತರದ ಹಾಳೆಗಳು. ಆ ಹಾಳೆಯ ನೆತ್ತಿಯಲ್ಲಿ ರುದ್ರೇಶ ಚೆಂದದ ಅಕ್ಷರದಲ್ಲಿ ಬರೆದಿದ್ದ: "ಊಟದ ನಂತರ ಟೇಪಿನ ಹಿಂದಿನ ತುದಿ ಪುಟ್ಟಸ್ವಾಮಿ. ಬೋರಯ್ಯ ಊರಿಗೆ ಹೋದ."

ಇಂಥದ್ದನ್ನೆಲ್ಲ ಬರೆಯುತ್ತಾನೆಂದು ನಾಗರಾಜಯ್ಯನವರು ಅವನನ್ನು ಹಿಂದೆ ಗೇಲಿ ಮಾಡಿದ್ದುಂಟು. "ಯಾರು ಎದ್ದೋದ್ರು, ಯಾರು ಕೂತ್ರು ಅಂತ ಬರೆಯೋಕೆ ಇದೇನು ಮದುವೆ ಮುಯ್ಯಿ ಪುಸ್ತಕವೇನಪ್ಪ?"

ಎಲ್ಲವೂ ಸರಿಯಾಗಿ ಒಂದೊಂದು ಮೀಟರು ಕಮ್ಮಿ. ಇದು ಕಣ್ತಪ್ಪಲ್ಲ. ಕಣ್ತಪ್ಪಿನ ಅಳತೆ ಒಂದು ಕಡೆ ಹೆಚ್ಚಾಗುತ್ತದೆ, ಇನ್ನೊಂದು ಕಡೆ ಕಮ್ಮಿಯಾಗುತ್ತದೆ. ನಡುಗೆರೆಯಿಂದ ಗೋಡೆಗಿರುವ ದೂರಕ್ಕೂ ಒಂದು ಮೀಟರು ಸೇರಿಸಿದರೆ ಹತ್ತು ಮೀಟರು ಮೂವತ್ತೈದು. ಗಿರಣಿ ಒಂದೂವರೆ ಗೇಣು ಹೊರಗೆ. ಆದರೆ "ಸೇರಿಸಿದರೆ" ಎಂಬ ಮಾತಿನ ಮೇಲೆ ಯಾರೂ ಜೆಸಿಬಿ ನಿಲ್ಲಿಸುವುದಿಲ್ಲ. ಯಾಕೆ ಸೇರಿಸಬೇಕು ಎಂದು ಹೇಳಬೇಕು. ಪಾರ್ವತಮ್ಮನಿಗೂ ನಾನು ಆಸೆ ಹುಟ್ಟಿಸುವ ಮಾತು ಆಡಲಿಲ್ಲ. "ಇನ್ನೂ ನೋಡಬೇಕು" ಎಂದಷ್ಟೇ ಹೇಳಿ ಬಸ್ಸು ಹತ್ತಿದೆ.

ಸಂಜೆ ಚನ್ನರಾಯಪಟ್ಟಣದಲ್ಲಿ ರುದ್ರೇಶನ ಮನೆಗೆ ಹೋದೆ. ಸಂಖ್ಯೆಗಳನ್ನು ಮುಂದಿಟ್ಟೆ. ಅವನು ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಸಂಖ್ಯೆ ಓದಿಕೊಂಡ. ಆಮೇಲೆ ನಿಧಾನವಾಗಿ ಹೇಳಿದ: "ಆ ಟೇಪಿನ ಉಂಗುರ ಕಿತ್ತುಹೋಗಿತ್ತು ಸರ್. ಮೊದಲ ಗೇಣಿನಷ್ಟು ಪಟ್ಟಿ ಮುರಿದೇ ಹೋಗಿತ್ತು. ಅದಕ್ಕೆ ಬೋರಯ್ಯ ಒಂದು ಮೀಟರಿನ ಗೆರೆಯನ್ನ ಗೂಟಕ್ಕೆ ಹಿಡೀತಿದ್ದ. ನಾನು ಪ್ರತಿ ಸಲ ಒಂದು ಕಳೆದು ಬರೀತಿದ್ದೆ."

ತುದಿ ಮುರಿದ ಟೇಪನ್ನು ಹೀಗೆ ಒಂದು ಮೀಟರು ಬಿಟ್ಟು ಹಿಡಿಯುವುದು ನಮ್ಮಲ್ಲಿ ಮಾಮೂಲು. ಹೊಸ ಟೇಪು ಬರುವ ತನಕ ಕೆಲಸ ನಿಲ್ಲಬಾರದಲ್ಲ.

"ಪುಟ್ಟಸ್ವಾಮಿಗೆ ಹೇಳಿದ್ಯಾ?"

"ಹೇಳಿದ್ದೆ ಸರ್. ಒಂದು ಬಿಟ್ಟು ಹಿಡಿಯಪ್ಪ ಅಂತ ಹೇಳಿದ್ದೆ. ಹೇಳಿದ್ನಲ್ಲ..." ಎಂದು ತನ್ನನ್ನೇ ಕೇಳಿಕೊಂಡ. ಆಮೇಲೆ ದನಿ ತಗ್ಗಿಸಿ, "ಸರ್, ಈಗಲೇ ಕೂತು ಆ ಹಾಳೆಗಳನ್ನ ಬೇರೆ ಬರೆದುಕೊಡ್ತೀನಿ. ಎಲ್ಲದಕ್ಕೂ ಒಂದೊಂದು ಸೇರಿಸಿ. ಸೋಮವಾರದೊಳಗೆ ಅಮ್ಮನ ಗಿರಣಿಯೂ ಉಳೀತದೆ, ನನ್ನ ಕೆಲಸವೂ ಉಳೀತದೆ" ಎಂದ.

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೊಸದಾಗಿ ಮದುವೆಯಾದ ಹುಡುಗ, ಹೆದರಿದ್ದ. "ಸೇರಿಸೋಕೆ ಕಾರಣ ನಿಂಗೆ ಗೊತ್ತಾ ರುದ್ರೇಶ?" ಎಂದು ಕೇಳಿದೆ.

"ಇಲ್ಲ ಸರ್."

"ಗೊತ್ತಿಲ್ಲದೆ ಸೇರಿಸಿದ್ರೆ ಅದೂ ಸುಳ್ಳೇ ಅಲ್ವಾ? ಆ ಹಾಳೇನ ಮುಟ್ಟಬೇಡ."

ಶನಿವಾರ ಪುಟ್ಟಸ್ವಾಮಿಯನ್ನು ಹುಡುಕಿಕೊಂಡು ಜಿನನಾಥಪುರಕ್ಕೆ ಹೋದೆ. ಅಲ್ಲಿ ಒಬ್ಬ ಜೈನ ಯಜಮಾನರ ತೆಂಗಿನ ತೋಟದಲ್ಲಿ ಕಾಯಿ ಸುಲಿಯುತ್ತಿದ್ದ. ನೆಲಕ್ಕೆ ನೆಟ್ಟ ಕಬ್ಬಿಣದ ಮೊಳೆಗೆ ಕಾಯಿ ಚುಚ್ಚಿ ತಿರುಚಿ ಸಿಪ್ಪೆ ಬಿಡಿಸುವ ಕೆಲಸ. ದಿನಗೂಲಿಗೆ ಸಿಕ್ಕಿದ ಕೆಲಸ ಮಾಡುವ ಮನುಷ್ಯ. ಅಂದು ಬಸ್ಸಿಗೆ ಕಾಯುತ್ತಾ ನಿಂತಿದ್ದವನನ್ನು ರುದ್ರೇಶ ಕರೆದುಕೊಂಡಿದ್ದನಂತೆ. ನಾನು ಸರ್ವೆಯವನು ಎಂದ ಕೂಡಲೇ ಕೈಯಲ್ಲಿದ್ದ ಕಾಯಿ ಕೆಳಗಿಟ್ಟ.

"ನಾನೇನೂ ಮಾಡಿಲ್ಲ ಸಾ. ಇಡ್ಕೊ ಅಂದ್ರು, ಇಡ್ಕಂಡೆ."

"ತಪ್ಪು ಮಾಡಿದ್ದೀಯ ಅಂತ ಬಂದಿಲ್ಲ. ಹೇಗೆ ಹಿಡಿದೆ ಅಂತ ತೋರಿಸ್ತೀಯಾ?"

ಒಂದು ತೆಂಗಿನ ಗರಿಯನ್ನು ಕೈಗೆ ತೆಗೆದುಕೊಂಡು ಕುಕ್ಕರಗಾಲಲ್ಲಿ ಕೂತ. "ಇಗೋ ಇಂಗೆ. ಉಂಗ್ರಾನ ಗೂಟದ ಮೊಳೆಗೆ ಸಿಗಾಕಿ ಇಂಗೆ ಎಳ್ದು ಇಡ್ಕಂಡಿದ್ದೆ. ಅಳ್ಳಾಡ್ನಿಲ್ಲ ಸಾ. ಕೈ ಮೇಲೆ ನೊಣ ಕೂತ್ರೂ ಅಳ್ಳಾಡ್ನಿಲ್ಲ."

"ಯಾವ ಉಂಗುರ?"

"ಟೇಪಿಂದು. ಹೊಸ ಟೇಪಲ್ವಾ ಸಾ, ಫಳಫಳ ಅಂತಿತ್ತು. ಊಟದ ಒತ್ತಿನಾಗೆ ಜೀಪಿನೋನು ತಂದ್ಕೊಟ್ಟ. ಮುಂದ್ಗಡೆ ಎಳ್ಯೋ ಅಣ್ಣ ಅದ್ನೇ ಬಿಚ್ಚಿದ್ರು."

"ಒಂದು ಬಿಟ್ಟು ಹಿಡಿ ಅಂತ ಸರ್ವೆಯರ್ ಹೇಳಿರಲಿಲ್ವಾ?"

"ಯೋಳಿದ್ರು. ಒಂದ್ ಬುಟ್ಟು ಇಡಿ ಅಂದ್ರು. ಉಂಗ್ರ ಇರೋವಾಗ ಏನ್ ಬುಡ್ಲಿ ಅಂತ ಆ ಅಣ್ಣನ್ನ ಕೇಳ್ದೆ. ಅದು ಹಳೇ ಟೇಪಿಗೆ ಕಣೋ, ಇದ್ಕಲ್ಲ, ಉಂಗ್ರ ಸಿಗಾಕು ಅಂದ್ರು. ಸರಿಯಲ್ವಾ ಸಾ?"

ಸರಿಯೇ. ಸಂಪೂರ್ಣ ಸರಿ. ನಾನು ತೆಂಗಿನ ಸಿಪ್ಪೆಯ ರಾಶಿಯ ಮೇಲೆ ಹಾಗೇ ಕೂತುಬಿಟ್ಟೆ. ಹಿಂದಿನವನು ಹೊಸ ಟೇಪನ್ನು ಹಿಡಿಯಬೇಕಾದಂತೆಯೇ ಹಿಡಿದಿದ್ದ. ಮುಂದಿನವನು ಕಂಡದ್ದನ್ನೇ ಓದಿದ್ದ. ಬರೆಯುವವನು ಟೇಪು ಬದಲಾದದ್ದು ತಿಳಿಯದೆ, ಬೆಳಿಗ್ಗೆಯ ಲೆಕ್ಕದಲ್ಲೇ ಒಂದೊಂದು ಕಳೆಯುತ್ತಾ ಹೋಗಿದ್ದ. ಮೂವರೂ ತಮ್ಮ ತಮ್ಮ ಕೆಲಸ ನಿಯತ್ತಾಗಿ ಮಾಡಿದ್ದರು. ಮೂವರ ನಡುವೆ ಒಂದು ಗಿರಣಿ ಬೀಳುವುದರಲ್ಲಿತ್ತು.

"ಅಳತೆ ಮಾಡುವಾಗ ನೀನು ಏನಾದ್ರೂ ಕೂಗಿದ್ಯಾ?"

"ಕೂಗಾದಾ? ಕೂಗು ಅಂತ ಯಾರೂ ಯೋಳ್ನಿಲ್ವಲ್ಲ ಸಾ."

ಹೊಸಬರು ಇಲ್ಲಿ ಸ್ವಲ್ಪ ನಿಲ್ಲಬೇಕು. ಬೋರಯ್ಯ ಬೆಳಿಗ್ಗೆಯೆಲ್ಲ "ಒಂದ್ ಬುಟ್ಟೀನಿ ಸಾ!" ಎಂದು ಪ್ರತಿ ಅಳತೆಗೂ ಕೂಗುತ್ತಿದ್ದ. ಎಮ್ಮೆ ಈಯುತ್ತಿದೆ ಎಂದು ಮನೆಯಿಂದ ಜನ ಬಂದು ಅವನನ್ನು ಕರೆದುಕೊಂಡು ಹೋದರು. ಅವನ ಜೊತೆ ಅವನ ಕೂಗೂ ಹೋಯಿತು. ಕೂಗು ನಿಂತದ್ದು ಯಾರಿಗೂ ಕೇಳಿಸಲಿಲ್ಲ. ಒಂದು ಸದ್ದು ಇಲ್ಲವಾದದ್ದನ್ನು ಗಮನಿಸುವುದು ಬಹಳ ಕಷ್ಟ. ನೀವು ಈಗ ಬಳಸುವ ರೋವರಿನಲ್ಲೂ ಇದೇ ತಪ್ಪು ಬೇರೆ ವೇಷದಲ್ಲಿ ಕೂತಿದೆ. ಒಬ್ಬರು ರೋವರ್ ಕೂರಿಸಿದ ಕೋಲನ್ನು ಉದ್ದ ಮಾಡುತ್ತಾರೆ, ಇನ್ನೊಬ್ಬರ ಕೈಯಲ್ಲಿರುವ ಪರದೆಯಲ್ಲಿ ಕೋಲಿನ ಹಳೆಯ ಎತ್ತರವೇ ಉಳಿದಿರುತ್ತದೆ. ಯಂತ್ರ ಏನೂ ಅನ್ನುವುದಿಲ್ಲ. ಆದ್ದರಿಂದ ಆಳು ಬದಲಾದರೆ ಬರೆಯಿರಿ, ಟೇಪು ಬದಲಾದರೆ ಬರೆಯಿರಿ, ಕೋಲು ಬದಲಾದರೂ ಬರೆಯಿರಿ. ಬರೆಯುವ ಮೊದಲು ಗಟ್ಟಿಯಾಗಿ ಹೇಳಿ. ರುದ್ರೇಶ ಆಳು ಬದಲಾದದ್ದನ್ನು ಬರೆದಿರದಿದ್ದರೆ ನಾನು ಜಿನನಾಥಪುರಕ್ಕೆ ಹೋಗುತ್ತಲೇ ಇರಲಿಲ್ಲ.

ಅಂದು ಮುಂದೆ ಟೇಪು ಎಳೆದವನು ರಜೆಯ ಮೇಲೆ ಊರಿಗೆ ಹೋಗಿದ್ದ, ಕೇಳಲು ಸಿಗಲಿಲ್ಲ. ನಾಗರಾಜಯ್ಯನವರಿಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡು, "ತೆಂಗಿನಕಾಯಿ ಸುಲಿಯೋನ ಮಾತು ಕಟ್ಕೊಂಡು ಕೆಲಸ ನಿಲ್ಲಿಸು ಅಂತ ಮೇಲಿನವರಿಗೆ ಹೇಳೋಕಾಗತ್ತೇನ್ರೀ?" ಎಂದರು. ಅವರು ಹೇಳಿದ್ದೂ ನ್ಯಾಯವೇ. "ನಾಳೆ ನಾನೇ ಬರ್ತೀನಿ. ನೆಲದ ಮೇಲೆ ತೋರಿಸಿ. ತೋರಿಸೋಕಾಗಲಿಲ್ಲ ಅಂದ್ರೆ ಸೋಮವಾರ ನೀವೇ ಮುಂದೆ ನಿಂತು ಕೆಡವಿಸಬೇಕು."

ಆ ರಾತ್ರಿ ನಾನು ನಿದ್ದೆ ಮಾಡಿದೆನೆಂದು ಹೇಳಲಾರೆ.

ಭಾನುವಾರ ಎಲ್ಲರೂ ಗಿರಣಿಯ ಮುಂದೆ ಸೇರಿದೆವು. ಬೋರಯ್ಯ, ಪುಟ್ಟಸ್ವಾಮಿ, ರುದ್ರೇಶ, ನಾನು. ನಾಗರಾಜಯ್ಯನವರು ಜೀಪಿನ ನೆರಳಿನಲ್ಲಿ ಕೈಕಟ್ಟಿ ನಿಂತರು. ಗಿರಣಿ ಓಡುತ್ತಿತ್ತು, ನಮ್ಮನ್ನು ಕಂಡು ಪಾರ್ವತಮ್ಮ ಬೆಲ್ಟು ಜಾರಿಸಿ ನಿಲ್ಲಿಸಿದರು. ರಾಗಿ ಚೀಲ ಹೊತ್ತು ಬಂದವರು ಗೊಣಗಿದಾಗ, "ಸದ್ದು ಇದ್ರೆ ಇವರ ಕೂಗು ಇವ್ರಿಗೇ ಕೇಳ್ಸಕಿಲ್ಲ. ತಡ್ಕಳ್ರಪ್ಪ, ಮುದ್ದೆ ಒಸಿ ಒತ್ತಾದ್ರೆ ಪ್ರಾಣ ಓಗಕಿಲ್ಲ" ಎಂದರು.

ಗೂಟ ಹೊಡೆದಾಗ ಅದಕ್ಕೆ ಸಾಕ್ಷಿ ಅಳತೆ ಎಂದು ತೆಗೆಯುವುದು ನಮ್ಮ ಪದ್ಧತಿ. ಗೂಟ ಕಿತ್ತುಹೋದರೆ ಮತ್ತೆ ಹುಡುಕಲು, ಹತ್ತಿರದ ಮೂರು ಗಟ್ಟಿ ವಸ್ತುಗಳಿಂದ ಅದು ಎಷ್ಟು ದೂರ ಎಂದು ಬರೆದಿಡುತ್ತೇವೆ. ಗಿರಣಿಯ ಎದುರಿನ ಗೂಟಕ್ಕೆ ರುದ್ರೇಶ ಮೋರಿಯ ಮೂಲೆ, ಕರೆಂಟು ಕಂಬ, ಬಾವಿಕಟ್ಟೆಯ ಕಲ್ಲು ಈ ಮೂರನ್ನು ಬರೆದಿದ್ದ. ಅದೂ ಊಟದ ನಂತರದ ಹಾಳೆ.

ಮೊದಲು ಪುಸ್ತಕದಲ್ಲಿದ್ದಂತೆಯೇ ಮಾಡಿ ತೋರಿಸಿದೆ. ಬೋರಯ್ಯ ಒಂದೊಂದು ವಸ್ತುವಿನ ಬಳಿ ಉಂಗುರ ಹಿಡಿದು ಕೂತ. ನಾನು ಬರೆದಷ್ಟು ದೂರಕ್ಕೆ ಟೇಪು ಎಳೆದು ಕಬ್ಬಿಣದ ಸಲಾಕೆಯಿಂದ ನೆಲದ ಮೇಲೆ ಬಾಗಿದ ಗೆರೆ ಗೀಚಿದೆ. ಮೂರು ಗೆರೆಗಳೂ ಒಂದೇ ಬಿಂದುವಿ‌ನಲ್ಲಿ ಕೂಡಬೇಕು, ಕೂಡಿದಲ್ಲಿ ಗೂಟ. ಅವು ಒಂದನ್ನೊಂದು ಮುಟ್ಟಲೇ ಇಲ್ಲ. ನಡುವೆ ಒಂದು ಎಮ್ಮೆ ಮಲಗುವಷ್ಟು ಜಾಗ ಉಳಿಯಿತು.

"ಈಗ ಒಂದೊಂದು ಮೀಟರು ಸೇರಿಸಿ ಎಳೀತೀನಿ" ಎಂದೆ.

"ಉಂಗ್ರಕ್ಕೇ ಇಡ್ದೀನಿ ಸಾ! ಏನೂ ಬುಟ್ಟಿಲ್ಲ!" ಎಂದು ಬೋರಯ್ಯ ಮೋರಿಯ ಮೇಲಿಂದ ಕೂಗಿದ. ರುದ್ರೇಶ ತಿರುಗಿ ಕೂಗಿದ.

ಮೋರಿಯಿಂದ ಒಂದು ಗೆರೆ. ಕಂಬದಿಂದ ಒಂದು ಗೆರೆ. ಅದು ಮೊದಲನೆಯದನ್ನು ಕತ್ತರಿಸಿತು. ಎರಡು ಗೆರೆ ಎಲ್ಲಿಯಾದರೂ ಕತ್ತರಿಸಬಹುದು, ಅದರಲ್ಲಿ ಹೆಚ್ಚುಗಾರಿಕೆಯಿಲ್ಲ. ಮೂರನೆಯದಕ್ಕೆ ಬಾವಿಕಟ್ಟೆಯಿಂದ ಟೇಪು ಎಳೆದೆ. ಸಲಾಕೆ ಊರಿದೆ. ಅದು ಹಿಂದಿನ ಎರಡು ಗೆರೆ ಕೂಡಿದ ಜಾಗದ ಮೇಲೆಯೇ ಹಾದುಹೋಯಿತು. ನಡುವೆ ಎರಡು ಬೆರಳೂ ಇರಲಿಲ್ಲ.

ನಾಗರಾಜಯ್ಯನವರು ಜೀಪಿನ ನೆರಳು ಬಿಟ್ಟು ಹತ್ತಿರ ಬಂದರು. "ಅಗೀರಿ" ಎಂದರು.

ಪುಟ್ಟಸ್ವಾಮಿ ಗುದ್ದಲಿ ತೆಗೆದುಕೊಂಡ. ಯಂತ್ರ ಕೆರೆದು ಹಾಕಿದ್ದ ಸಡಿಲ ಮಣ್ಣು ಮೊದಲು ಬಂತು. ಆಮೇಲೆ ಗಟ್ಟಿ ನೆಲ. ಅಲ್ಲಿಂದ ಗುದ್ದಲಿ ಬಿಟ್ಟು ಕೈಯಲ್ಲೇ ಕೆದಕಿದ. ಪಾರ್ವತಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ನಿಂತಿದ್ದರು.

"ಸಾ" ಎಂದ ಪುಟ್ಟಸ್ವಾಮಿ. "ಮರ ಸಿಕ್ತು."

ತಲೆ ಕತ್ತರಿಸಿಹೋದ ಗೂಟದ ಬುಡ ಮಣ್ಣೊಳಗೆ ನೆಟ್ಟಗೆ ನಿಂತಿತ್ತು. ಯಂತ್ರ ಮೇಲಿನ ಅರ್ಧವನ್ನು ಸವರಿಕೊಂಡು ಹೋಗಿತ್ತು, ಕೆಳಗಿನ ಅರ್ಧವನ್ನು ಬಿಟ್ಟಿತ್ತು. ರುದ್ರೇಶ ಮಂಡಿಯೂರಿ ಅದನ್ನು ಮುಟ್ಟಿ ನೋಡಿದ.

ಇನ್ನು ಗೂಟದಿಂದ ಗೋಡೆಗೆ. ಬೋರಯ್ಯ ಗೂಟದ ನಡುವಿಗೆ ಉಂಗುರ ಒತ್ತಿ ಕೂಗಿದ. ನಾನು ಗೋಡೆಗೆ ಟೇಪು ತಾಗಿಸಿದೆ. ಓದುವ ಮೊದಲು ನಾಗರಾಜಯ್ಯನವರನ್ನು ಕರೆದೆ. ಅವರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿ, ತಾವೇ ಗಟ್ಟಿಯಾಗಿ ಓದಿದರು: "ಹತ್ತು ಮೂವತ್ತೈದು."

"ಹತ್ತು ಮೂವತ್ತೈದು" ಎಂದು ರುದ್ರೇಶ ತಿರುಗಿ ಹೇಳಿದ.

"ಬರಿ" ಎಂದರು ನಾಗರಾಜಯ್ಯನವರು. ಆಮೇಲೆ ಇನ್ನೊಂದು ಮಾತು ಸೇರಿಸಿದರು, "ಹಳೇದರ ಮೇಲೆ ಒಂದೇ ಗೆರೆ ಎಳಿ. ಅದೂ ಓದೋ ಹಾಗಿರ್ಲಿ. ಟೇಪು ಬದಲಾಗಿತ್ತು ಅಂತಾನೂ ಬರಿ. ಕೆಳಗೆ ನಾನೂ ಸಹಿ ಹಾಕ್ತೀನಿ." ರುದ್ರೇಶನಿಗೆ ಅವರು ಕೊಟ್ಟ ಶಿಕ್ಷೆ ಅಷ್ಟೇ: ಊಟದ ನಂತರ ಅಳೆದ ಅಷ್ಟೂ ಉದ್ದವನ್ನು ಅವನೇ, ಇದೇ ಗುಂಪಿನ ಜೊತೆ, ಮತ್ತೆ ಅಳೆಯಬೇಕು. ಅಳೆದ. ಬೇರೆ ಯಾವ ಕಟ್ಟಡದ ಹಣೆಬರಹವೂ ಬದಲಾಗಲಿಲ್ಲ; ಒಳಗಿದ್ದವು ಒಳಗೇ ಉಳಿದವು, ಹೊರಗಿದ್ದವು ಹೊರಗೆ. ಆ ಒಂದು ಮೀಟರು ಕಾದು ಕೂತಿದ್ದದ್ದು ಗಿರಣಿಗೆ ಮಾತ್ರ.

ನಾನು ಸಲಾಕೆಯನ್ನು ಗೋಡೆಗೆ ಒರಗಿಸಿದೆ. ಗಿರಣಿಯ ಬಾಗಿಲ ಮೆಟ್ಟಿಲ ಮೇಲೆ ಕೂತೆ. ನಾಗರಾಜಯ್ಯನವರೂ ಬಂದು ಪಕ್ಕದಲ್ಲಿ ನಿಂತು ಬೆವರು ಒರೆಸಿಕೊಂಡರು. ಪಾರ್ವತಮ್ಮ ಒಂದು ಒದ್ದೆ ಬಟ್ಟೆ ತಂದು ಗೋಡೆಯ ಕೆಂಪು ಗುರುತನ್ನು ಉಜ್ಜಲು ಶುರು ಮಾಡಿದ್ದರು. ಅದು ಆಯಿಲ್ ಪೇಂಟು, ಹೋಗುವಂಥದ್ದಲ್ಲ. ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ನಮ್ಮ ಕಡೆ ತಿರುಗಿದರು.

"ಆಯ್ತಲ್ಲ ಸಾ, ಒಡಿಯಾಕಿಲ್ಲ ತಾನೇ?"

"ಒಡೆಯಲ್ಲಮ್ಮ" ಎಂದರು ನಾಗರಾಜಯ್ಯನವರು.

"ಅಂಗಾದ್ರೆ ಇಬ್ರೂ ಬಾಗ್ಲು ಬುಟ್ಟು ಆ ಕಡೀಕೆ ಬನ್ನಿ. ರಾಗಿ ತಂದೋರು ಕಾಯ್ತಾವ್ರೆ."

ನಾವಿಬ್ಬರೂ ಎದ್ದು ಪಕ್ಕಕ್ಕೆ ಸರಿದೆವು. ಚೀಲಗಳು ಒಂದೊಂದಾಗಿ ಒಳಗೆ ಹೋದವು. ಅವರು ಸ್ವಿಚ್ಚು ಹಾಕಿ, ಕೋಲಿನಿಂದ ಬೆಲ್ಟನ್ನು ಚಕ್ರದ ಮೇಲಕ್ಕೆ ಏರಿಸಿದರು. ನಾನು ಗೋಡೆಗೆ ಅಂಗೈ ಇಟ್ಟೆ. ಮಿಷನ್ನಿನ ಓಟಕ್ಕೆ ಗೋಡೆ ಸಣ್ಣಗೆ ನಡುಗುತ್ತಿತ್ತು.